ಮಗನ ನೋವು ಹೋಯಿತು, ನನ್ನದು ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ನನಗೆ 54 ವರ್ಷ. ಎರಡು ವರ್ಷದಿಂದ ಸೊಂಟನೋವು. ಎಡಗಾಲಿನ ಮೀನಖಂಡದವರೆಗೂ ಉರಿ, ಜುಮುಜುಮು. ಬಿಪಿಗೆ ಎರಡು ಮಾತ್ರೆ ತೆಗೆದುಕೊಳ್ಳುತ್ತೇನೆ. ನೋವಿನ ಮಾತ್ರೆ ನುಂಗದ ದಿನವೇ ಇಲ್ಲ. ಎಂಆರ್‌ಐ ಮಾಡಿಸಿದಾಗ ಡಿಸ್ಕ್ ಉಬ್ಬಿದೆ ಎಂದು ಬಂತು. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ಬೆನ್ನಿಗೆ ಇಂಜೆಕ್ಷನ್ ಅಂದರು. ಮೂರನೆಯವರು ಬರೆದುಕೊಟ್ಟ ಮಾತ್ರೆ ಖಿನ್ನತೆಗೆ ಕೊಡುವಂಥದ್ದು ಎಂದು ಆಮೇಲೆ ಗೊತ್ತಾಗಿ ಅದನ್ನು ಮುಟ್ಟಲೇ ಇಲ್ಲ. ಹೋದ ವರ್ಷ ನನ್ನ ಮಗ ಬಿದ್ದು ಪಾದದ ಕೀಲು ಮುರಿದುಕೊಂಡ, ಆಪರೇಷನ್ ಆಯಿತು. ಅಷ್ಟು ದೊಡ್ಡ ಪೆಟ್ಟಾದರೂ ಕೆಲವೇ ತಿಂಗಳಲ್ಲಿ ನೋವಿಲ್ಲದೆ ಓಡಾಡಿದ. ನಾನು ಬಿದ್ದಿಲ್ಲ, ಪೆಟ್ಟೂ ಆಗಿಲ್ಲ. ನೋವು ಮಾತ್ರ ಹೋಗುತ್ತಿಲ್ಲ. ಯಾವ ಚಿಕಿತ್ಸೆ ಮಾಡಿಸಲಿ? ಇದು ಮನಸ್ಸಿನ ಕಾಯಿಲೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಅನಿಸುತ್ತದೆ. ಇದು ಮನಸ್ಸು ಕಟ್ಟಿಕೊಂಡ ನೋವಲ್ಲ. ನೋವಾಗುತ್ತಿದೆ ಎಂದು ನೀವು ಹೇಳಿದರೆ ಆಗುತ್ತಿದೆ ಎಂದೇ ಅರ್ಥ, ಅದಕ್ಕೆ ಎಂಆರ್‌ಐ ಸಾಕ್ಷಿ ಹೇಳಬೇಕಿಲ್ಲ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆ ಎಂದು ವ್ಯಕ್ತಿ ಹೇಳುವ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಅದರ ಜೊತೆಗೇ ಸೇರಿಸಿತು. ಎಷ್ಟೋ ರೋಗಿಗಳು, ಅದರಲ್ಲೂ ಹೆಂಗಸರು, ನೋವಿಗಿಂತ ಹೆಚ್ಚಾಗಿ ತಮ್ಮನ್ನು ಯಾರೂ ನಂಬುತ್ತಿಲ್ಲ ಎಂಬುದರಿಂದ ಕುಗ್ಗಿಹೋಗಿರುತ್ತಾರೆ. ಹಾಗಾಗಿ ಈ ಮಾತನ್ನು ಮೊದಲೇ ಹೇಳಿಬಿಟ್ಟೆ.

ಚಿಕಿತ್ಸೆಯ ವಿಚಾರಕ್ಕೆ ಹೋಗುವ ಮುನ್ನ ಕೆಲವು ಲಕ್ಷಣಗಳ ಬಗ್ಗೆ ಕೇಳಲೇಬೇಕು. ಮೂತ್ರ ಕಟ್ಟಿಕೊಂಡಿದೆಯೇ, ಇಲ್ಲವೇ ಗೊತ್ತಾಗದೆ ಹೋಗುತ್ತಿದೆಯೇ? ಮಲದ ಹಿಡಿತ ತಪ್ಪಿದೆಯೇ? ತೊಡೆಯ ಸಂದು, ಕುಳಿತಾಗ ಕುರ್ಚಿಗೆ ತಾಗುವ ಭಾಗ ಮರಗಟ್ಟಿದೆಯೇ? ಪಾದ ಎತ್ತಲಾಗದೆ ನಡೆಯುವಾಗ ಬೆರಳು ನೆಲಕ್ಕೆ ತಡವುತ್ತಿದೆಯೇ? ಇವುಗಳಲ್ಲಿ ಯಾವುದೇ ಒಂದು ಹೊಸದಾಗಿ ಕಾಣಿಸಿದರೂ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಒತ್ತಡಕ್ಕೆ ಸಿಕ್ಕಿದ್ದರೆ ಅಲ್ಲಿ ಗಂಟೆಗಳ ಲೆಕ್ಕ. ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ಹೇಗೆ ಮಲಗಿದರೂ ರಾತ್ರಿಯಿಡೀ ಬಿಡದ ನೋವು ಇದ್ದರೆ ತಡಮಾಡದೆ ತೋರಿಸಿ. ನಿಮ್ಮ ಪತ್ರದಲ್ಲಿ ಇವು ಯಾವುವೂ ಕಾಣಲಿಲ್ಲ ಎಂಬ ಆಧಾರದ ಮೇಲೆ ಮುಂದಿನದನ್ನು ಬರೆಯುತ್ತಿದ್ದೇನೆ.

ಈಗ ಮಗನ ವಿಷಯ. ಮೂಳೆ ಮುರಿದಾಗ ಆ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್‌ನಂಥ ರಾಸಾಯನಿಕಗಳು ಹುಟ್ಟಿ ನರದ ತುದಿಗಳನ್ನು ಕೆರಳಿಸುತ್ತವೆ. ಸುದ್ದಿ ಎರಡು ಬಗೆಯ ತಂತುಗಳಲ್ಲಿ ಸಾಗುತ್ತದೆ. ಪೆಟ್ಟು ಬಿದ್ದ ಕ್ಷಣ ಚುರುಕ್ಕೆನ್ನಿಸುವುದು ಬೇಗ ಓಡುವ ಎ-ಡೆಲ್ಟಾ ತಂತು. ಆಮೇಲೆ ಮೆಲ್ಲಗೆ ಬಂದು ಸುತ್ತಲೂ ಹರಡಿ ಪೀಡಿಸುವ ನೋವು ಸಿ ತಂತಿನದು. ಎರಡೂ ಬೆನ್ನುಹುರಿಯಲ್ಲಿ ಮುಂದಿನ ನರಕೋಶಕ್ಕೆ ಸುದ್ದಿ ದಾಟಿಸುತ್ತವೆ, ಅಲ್ಲಿಂದ ಅದು ಮೆದುಳಿಗೆ ಹೋಗುತ್ತದೆ. ಈ ದಾಟುವ ಜಾಗದಲ್ಲಿ ಸುದ್ದಿ ಹಿಗ್ಗಲೂಬಹುದು, ಕುಗ್ಗಲೂಬಹುದು ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಪ್ರತಿಪಾದಿಸಿದರು. ಇವತ್ತಿನ ನೋವಿನ ಚಿಕಿತ್ಸೆಯ ಬಹುಪಾಲು ಆ ಒಂದು ಯೋಚನೆಯ ಮೇಲೆ ನಿಂತಿದೆ. ನಿಮ್ಮ ಮಗನಲ್ಲಿ ಮೂಳೆ ಕೂಡಿತು, ಊತ ಇಳಿಯಿತು, ನರದ ತುದಿಗಳು ತಣ್ಣಗಾದವು, ಸುದ್ದಿ ನಿಂತಿತು.

ನಿಮ್ಮಲ್ಲಿ ನಡೆದಿರುವುದು ಬೇರೆ. ಸುದ್ದಿ ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ. ಇದನ್ನು 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಪ್ರಯೋಗದಲ್ಲಿ ತೋರಿಸಿದರು. ಕಾಯಿಲೆಬಿದ್ದ ಮಗುವಿನ ಪಕ್ಕದಲ್ಲಿ ವಾರಗಟ್ಟಲೆ ರಾತ್ರಿ ಎಚ್ಚರವಿದ್ದ ತಾಯಿ, ಮಗು ಗುಣವಾದ ಮೇಲೂ ಅದು ಮಗ್ಗುಲು ಬದಲಿಸಿದರೆ ಸಾಕು ದಡಬಡಿಸಿ ಏಳುತ್ತಾಳಲ್ಲ, ನಿಮ್ಮ ನರಮಂಡಲವೂ ಆ ಸ್ಥಿತಿಯಲ್ಲಿದೆ. ಸಣ್ಣ ಬಾಗುವಿಕೆ, ಸ್ವಲ್ಪ ಹೊತ್ತು ನಿಲ್ಲುವುದು, ನಿದ್ದೆ ಕೆಟ್ಟ ರಾತ್ರಿ, ಇಷ್ಟಕ್ಕೇ ಪೂರ್ತಿ ನೋವು ಎದ್ದು ಕೂರುತ್ತದೆ. ಮೂರು ತಿಂಗಳು ದಾಟಿದ ನೋವನ್ನು ನಾವು ದೀರ್ಘಕಾಲದ ನೋವು ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಅದಕ್ಕೆ ತನ್ನದೇ ಆದ ಸ್ಥಾನ ಸಿಕ್ಕಿತು. ಅಲ್ಲಿಯವರೆಗೆ ಅದು ಬೇರೆ ಯಾವುದೋ ರೋಗದ ಬಾಲವಾಗಿತ್ತು.

ಇದರಿಂದ ಒಂದು ಮುಖ್ಯವಾದ ಮಾತು ಹೊರಡುತ್ತದೆ, ನನ್ನ ಉತ್ತರದ ತಿರುಳೂ ಅದೇ. ಹೊಸ ನೋವಿಗೆ ಬೇಗ ಮದ್ದು ಕೊಡಬೇಕು, ಸಾಕಷ್ಟು ಕೊಡಬೇಕು, ಬೇಗ ನಿಲ್ಲಿಸಬೇಕು. ಹಳೆಯ ನೋವಿಗೆ ಅದೇ ಲೆಕ್ಕ ಹಾಕಿ, ಇನ್ನಷ್ಟು ಬಲವಾದ ಮಾತ್ರೆ, ಇನ್ನೂ ಹೆಚ್ಚು ದಿನ ಎಂದು ಹೋದರೆ ಮದ್ದು ಏರುತ್ತದೆ, ನೋವು ಇಳಿಯುವುದಿಲ್ಲ. ನೀವು ಎರಡು ವರ್ಷದಿಂದ ಹಳೆಯ ನೋವಿಗೆ ಹೊಸ ನೋವಿನ ಚಿಕಿತ್ಸೆ ಮಾಡಿಕೊಳ್ಳುತ್ತಿದ್ದೀರಿ.

ಹೊಸ ನೋವಿನ ಚಿಕಿತ್ಸೆಯನ್ನೂ ಸ್ವಲ್ಪ ವಿವರಿಸುತ್ತೇನೆ, ಮನೆಯಲ್ಲಿ ಯಾರಿಗಾದರೂ ಬೇಕಾಗುತ್ತದೆ. ಆಪರೇಷನ್ ಆದವರು ಹಲ್ಲುಕಚ್ಚಿ ಸಹಿಸಿಕೊಳ್ಳಬೇಕು ಎಂಬ ಭಾವನೆ ಇನ್ನೂ ಹಲವರಲ್ಲಿದೆ. ಸಹಿಸಿಕೊಂಡರೆ ಲಾಭವೇನೂ ಇಲ್ಲ, ನಷ್ಟ ಇದೆ. ಹೊಟ್ಟೆ ಅಥವಾ ಎದೆಯ ಆಪರೇಷನ್ ಆದವರು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಹಾಸಿಗೆ ಬಿಟ್ಟು ಏಳದೆ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆಪರೇಷನ್ ಆದ ಮೊದಲ ದಿನಗಳಲ್ಲಿ ನೋವು ತುಂಬಾ ಜೋರಾಗಿದ್ದವರಲ್ಲಿ ಗಾಯ ಮಾಗಿದ ಮೇಲೂ ನೋವು ಉಳಿಯುವ ಸಂಭವ ಹೆಚ್ಚು.

ಈಗಿನ ಪದ್ಧತಿಯಲ್ಲಿ ಒಂದೇ ಮದ್ದಿನ ಮೇಲೆ ಭಾರ ಹಾಕುವುದಿಲ್ಲ. ಬೇರೆಬೇರೆ ಹಂತದಲ್ಲಿ ಕೆಲಸ ಮಾಡುವ ಮದ್ದುಗಳನ್ನು ಸ್ವಲ್ಪಸ್ವಲ್ಪ ಕೊಡುತ್ತೇವೆ. ಪ್ಯಾರಾಸಿಟಮಾಲ್ ಅನ್ನು ನೋವು ಬಂದಾಗ ಕೊಡುವುದಲ್ಲ, ಗಂಟೆ ನೋಡಿ ಕೊಡುತ್ತೇವೆ. ವಯಸ್ಕರಿಗೆ ದಿನಕ್ಕೆ ಗರಿಷ್ಠ 4 ಗ್ರಾಂ; ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ಮದ್ಯಪಾನಿಗಳಿಗೆ ಅದಕ್ಕಿಂತ ಕಡಿಮೆ. ಮೂತ್ರಪಿಂಡ, ಹೊಟ್ಟೆ ಸರಿಯಿದ್ದರೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಕೆಲವು ದಿನ. ಕೈಕಾಲಿನ ಆಪರೇಷನ್‌ಗೆ ನರದ ಬ್ಲಾಕ್ ಬಹಳ ಒಳ್ಳೆಯದು: ಅಲ್ಟ್ರಾಸೌಂಡ್ ಪರದೆಯಲ್ಲಿ ನರವನ್ನು ನೋಡಿಕೊಂಡು ಅದರ ಸುತ್ತ ಮರಗಟ್ಟಿಸುವ ಮದ್ದನ್ನು ಹರಡುವುದು. ನಿಮ್ಮ ಮಗನಿಗೂ ಮಂಡಿಯ ಹಿಂದೆ ಸೂಜಿ ಹಾಕಿ ಕಾಲು ಮರಗಟ್ಟಿಸಿರಬಹುದು. ಈ ಬ್ಲಾಕ್ ಹಾಕಿಸಿಕೊಂಡವರು ಒಂದನ್ನು ನೆನಪಿಡಬೇಕು. ಮರಗಟ್ಟುವಿಕೆ ಬಿಡುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು. ಹಾಯಾಗಿದೆ ಎಂದು ಮಲಗಿಬಿಟ್ಟು ನಡುರಾತ್ರಿ ಬ್ಲಾಕ್ ಬಿಟ್ಟಾಗ ನೋವು ಒಮ್ಮೆಲೇ ಎರಗಿ ಬಳಲುವವರು ಬಹಳ.

ಇಷ್ಟಕ್ಕೂ ತಡೆಯದ ನೋವಿಗೆ ಮಾರ್ಫಿನ್ ಗುಂಪಿನ ಮದ್ದು. ರೋಗಿಯೇ ಗುಂಡಿ ಒತ್ತಿ, ಮಿತಿ ದಾಟದ ಹಾಗೆ ಸ್ವಲ್ಪಸ್ವಲ್ಪವೇ ತೆಗೆದುಕೊಳ್ಳುವ ಪಂಪುಗಳಿವೆ. ಕೆಲವೇ ದಿನ, ಉಸ್ತುವಾರಿಯಲ್ಲಿ ಕೊಟ್ಟರೆ ಇದಕ್ಕೆ ಅತಿಯಾಗಿ ಅಂಜಬೇಕಿಲ್ಲ. ಮಲಬದ್ಧತೆಗೆ ಮೊದಲ ದಿನದಿಂದಲೇ ಮದ್ದು ಕೊಡಬೇಕು. ಮಾರ್ಫಿನ್ ಗುಂಪಿಗೆ ಸೇರದ ಸುಜೆಟ್ರಿಜಿನ್ ಎಂಬ ಹೊಸ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಮೆದುಳನ್ನು ಮುಟ್ಟದೆ, ನೋವಿನ ನರದಲ್ಲಿರುವ ಒಂದು ಸೋಡಿಯಂ ಬಾಗಿಲನ್ನು ಮುಚ್ಚುವ ಮದ್ದು ಅದು. ಒಪ್ಪಿಗೆ ಸಿಕ್ಕಿರುವುದು ಹೊಸ ನೋವಿಗೆ ಮಾತ್ರ.

ಹೊಸದಾಗಿ ಹಿಡಿದುಕೊಂಡ ಸೊಂಟನೋವಿನ ದಾರಿ ಇನ್ನೂ ಬೇರೆ. ಅಲ್ಲಿ ಪ್ಯಾರಾಸಿಟಮಾಲ್ ಬೇಗ ಗುಣ ಮಾಡಲಿಲ್ಲ ಎಂದು 2014ರಲ್ಲಿ, ಆಕ್ಸಿಕೊಡೋನ್ ಎಂಬ ಬಲವಾದ ಮದ್ದೂ, ಒಳಗೆ ಮದ್ದೇ ಇಲ್ಲದ ಹುಸಿಮಾತ್ರೆಗಿಂತ ಮೇಲಾಗಲಿಲ್ಲ ಎಂದು 2023ರಲ್ಲಿ ದೊಡ್ಡ ಅಧ್ಯಯನಗಳು ಹೇಳಿದವು. ಅಂಥ ನೋವು ಬಹುತೇಕರಲ್ಲಿ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಬಿಸಿಶಾಖ ಕೊಡಿ, ಅಡ್ಡಿಯಿಲ್ಲದಿದ್ದರೆ ನಾಲ್ಕು ದಿನ ಊತದ ಮಾತ್ರೆ (ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥದ್ದು) ತೆಗೆದುಕೊಳ್ಳಿ, ಹಾಸಿಗೆ ಹಿಡಿಯದೆ ಓಡಾಡಿ.

ಇನ್ನು ನಿಮ್ಮ ನೋವು.

ನಿಮ್ಮಂಥವರು ಬಂದಾಗ ನಾನು ಎಂಆರ್‌ಐ ಲಕೋಟೆಯನ್ನು ಮೊದಲು ಬಿಚ್ಚುವುದಿಲ್ಲ. ಮನುಷ್ಯನ ಚಿತ್ರ ಬರೆದ ಹಾಳೆಯೊಂದನ್ನು ಕೊಟ್ಟು, ಎಲ್ಲೆಲ್ಲಿ ನೋವು, ಎಲ್ಲಿ ಉರಿ, ಎಲ್ಲಿ ಜುಮುಜುಮು ಎಂದು ಗುರುತು ಹಾಕಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಎರಡೂ ಕಾಲನ್ನು ಸವರುತ್ತೇನೆ, ಪಿನ್ನಿನ ಮೊನೆ ಮೆಲ್ಲಗೆ ತಾಗಿಸುತ್ತೇನೆ. ಹತ್ತಿ ಸವರಿದರೂ ಉರಿಯಿತು ಎಂದರೆ, ಅಥವಾ ಪಿನ್ನು ತಾಗಿದ್ದೇ ಗೊತ್ತಾಗಲಿಲ್ಲ ಎಂದರೆ ನರಕ್ಕೆ ಪೆಟ್ಟಾಗಿದೆ ಎಂಬ ಸುಳಿವು. ಹೆಬ್ಬೆರಳನ್ನು ನನ್ನ ಕೈಯ ಒತ್ತಡದ ವಿರುದ್ಧ ಎತ್ತಲು ಹೇಳುತ್ತೇನೆ, ಮಲಗಿಸಿ ನೇರ ಕಾಲನ್ನು ಮೇಲೆತ್ತುತ್ತೇನೆ, ಮಂಡಿ ಮತ್ತು ಹಿಮ್ಮಡಿಯ ಹತ್ತಿರ ಸುತ್ತಿಗೆಯಿಂದ ತಟ್ಟುತ್ತೇನೆ. ಇಷ್ಟಾದ ಮೇಲೆ ನೋವು ಯಾವ ಜಾತಿಯದು ಎಂದು ಒಂದು ಅಂದಾಜು ಸಿಗುತ್ತದೆ. ಮೂಳೆ, ಕೀಲು, ಸ್ನಾಯುವಿನ ಊತದಿಂದ ಬಂದದ್ದು ಒಂದು. ನರಕ್ಕೇ ಪೆಟ್ಟಾಗಿ ಬಂದದ್ದು ಇನ್ನೊಂದು. ಎಲ್ಲೂ ಗಾಯ ಕಾಣದೆ, ನೋವಿನ ವ್ಯವಸ್ಥೆಯೇ ಹದ ತಪ್ಪಿರುವುದು ಮೂರನೆಯದು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಈ ಗುಂಪಿನದು. ಹಲವರಲ್ಲಿ ಇವು ಬೆರೆತಿರುತ್ತವೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಸೊಂಟದ ನೋವು ಮೊದಲನೆಯ ಮತ್ತು ಮೂರನೆಯ ಜಾತಿ ಸೇರಿದ್ದು, ಕಾಲಿನ ಉರಿ ಎರಡನೆಯದು ಅನಿಸುತ್ತದೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು.

ಎಂಆರ್‌ಐ ಬಗ್ಗೆ ಒಂದು ಮಾತು. ಯಾವ ನೋವೂ ಇಲ್ಲದವರ ಬೆನ್ನನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದರು. ಡಿಸ್ಕ್ ಉಬ್ಬಿರುವುದು 20ರ ವಯಸ್ಸಿನವರಲ್ಲೇ ಶೇ. 30 ಮಂದಿಯಲ್ಲಿ, 80ರವರಲ್ಲಿ ಶೇ. 84 ಮಂದಿಯಲ್ಲಿ ಕಂಡಿತು. ಅಂದರೆ ಆ ವರದಿಯ ಸಾಲು ಬಹುಪಾಲು ನಿಮ್ಮ ವಯಸ್ಸನ್ನು ಹೇಳುತ್ತಿದೆ. ಉಬ್ಬಿದ ಡಿಸ್ಕ್ ಒತ್ತುತ್ತಿರುವ ನರವೂ, ಕಾಲಿನಲ್ಲಿ ಉರಿಯುವ ಜಾಗವೂ, ಪರೀಕ್ಷೆಯಲ್ಲಿ ಸಿಕ್ಕ ದೋಷವೂ ಮೂರೂ ಹೊಂದಿದರೆ ಮಾತ್ರ ಅದಕ್ಕೆ ಬೆಲೆ. ವರದಿ ಓದಿ ಬಾಗಲು ಹೆದರಿ ನಡೆಯುವುದನ್ನೇ ಬಿಟ್ಟವರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಈಗ ನೀವು ದಿನಾ ನುಂಗುತ್ತಿರುವ ಮಾತ್ರೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಇದು. ಹೆಸರು ಬರೆದಿಲ್ಲ, ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಒಳಗೇನಿದೆ ಎಂದು ಬರೆದಿರುತ್ತದೆ, ನೋಡಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ನಾಪ್ರೊಕ್ಸೆನ್, ಇಟೊರಿಕಾಕ್ಸಿಬ್ ಇದ್ದರೆ ಎಚ್ಚರ. ಇವು ಪ್ರೊಸ್ಟಗ್ಲಾಂಡಿನ್ ಹುಟ್ಟುವುದನ್ನು ತಡೆಯುತ್ತವೆ. ಇದನ್ನು 1971ರಲ್ಲಿ ಜಾನ್ ವೇನ್ ಕಂಡುಹಿಡಿದರು, ಮುಂದೆ 1982ರಲ್ಲಿ ಅವರು ನೊಬೆಲ್ ಪಡೆದವರಲ್ಲಿ ಒಬ್ಬರಾದರು. ತೊಂದರೆ ಏನೆಂದರೆ ಅದೇ ಪ್ರೊಸ್ಟಗ್ಲಾಂಡಿನ್ ಜಠರದ ಒಳಪದರವನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುತ್ತದೆ. ಹಾಗಾಗಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ, ಹೃದಯಾಘಾತದ ಅಪಾಯ ಏರುತ್ತವೆ. ಬಿಪಿಯೂ ಏರುತ್ತದೆ, ನೀವು ಬಿಪಿಗೆ ಮಾತ್ರೆ ನುಂಗಿ, ಅದನ್ನು ಕೆಡಿಸುವ ಇನ್ನೊಂದನ್ನೂ ನುಂಗುತ್ತಿರಬಹುದು. ಬಿಪಿಯ ಎರಡು ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು, ಇನ್ನೊಂದು ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್‌ನಂಥದ್ದು ಆಗಿದ್ದರೆ, ಅದರ ಮೇಲೆ ನೋವಿನ ಮಾತ್ರೆಯೂ ಸೇರಿದಾಗ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಹೊಡೆತ. ವಾಂತಿಭೇದಿಯಾದ ದಿನ ಈ ಮೂರೂ ಒಟ್ಟಿಗಿದ್ದರೆ ಮೂತ್ರಪಿಂಡ ಹಠಾತ್ತಾಗಿ ಕೈಕೊಡಬಹುದು. ದಯವಿಟ್ಟು ಈ ವಾರವೇ ಕ್ರಿಯಾಟಿನಿನ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮಲ ಟಾರಿನಂತೆ ಕಪ್ಪಗಿದ್ದರೆ ಪರೀಕ್ಷೆಗೂ ಕಾಯದೆ ಡಾಕ್ಟರ ಬಳಿ ಹೋಗಿ.

ಮಂಡಿ ಅಥವಾ ಕೈಬೆರಳಿನ ಸವೆತದ ನೋವಿದ್ದವರಿಗೆ ಇದೇ ಮದ್ದಿನ ಜೆಲ್ ಒಳ್ಳೆಯದು, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸೊಂಟದಲ್ಲಿ ನೋವಿನ ಮೂಲ ಆಳದಲ್ಲಿರುವುದರಿಂದ ಜೆಲ್‌ನಿಂದ ಅಷ್ಟು ಪ್ರಯೋಜನವಿಲ್ಲ.

ನೀವು ಮುಟ್ಟದೆ ಇಟ್ಟ ಮಾತ್ರೆಯ ವಿಷಯಕ್ಕೆ ಬರೋಣ. ಮೆದುಳಿನಿಂದ ಬೆನ್ನುಹುರಿಗೆ ಇಳಿದುಬರುವ ನರಗಳ ಒಂದು ಹಾದಿಯಿದೆ. ಕೆಳಗಿನಿಂದ ಬರುವ ನೋವಿನ ಸುದ್ದಿಯನ್ನು ತಗ್ಗಿಸುವುದು ಅದರ ಕೆಲಸ. ಆ ಹಾದಿ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಂದ ನಡೆಯುತ್ತದೆ. ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್ ಇವುಗಳ ಬಲ ಹೆಚ್ಚಿಸುತ್ತವೆ. ಖಿನ್ನತೆಗೂ ಇವೇ ರಾಸಾಯನಿಕಗಳ ನಂಟಿರುವುದರಿಂದ ಮದ್ದು ಎರಡಕ್ಕೂ ಬಳಕೆಯಾಗುತ್ತದೆ. ಖಿನ್ನತೆ ಒಂದಿಷ್ಟೂ ಇಲ್ಲದವರಲ್ಲೂ ಇವು ನೋವು ಇಳಿಸುತ್ತವೆ. ನೋವಿಗೆ ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡುತ್ತೇವೆ, ಖಿನ್ನತೆಗೆ ಕೊಡುವ ಪ್ರಮಾಣ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬಾಯಿ ಒಣಗುವುದು, ಬೆಳಗಿನ ಮಂಪರು, ಮಲಬದ್ಧತೆ ಇದರ ತೊಂದರೆಗಳು. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಅಥವಾ ಹೃದಯಬಡಿತದ ತೊಂದರೆಯಿದ್ದರೆ ಮೊದಲೇ ಹೇಳಬೇಕು. ಡುಲೊಕ್ಸೆಟಿನ್ ಮೊದಲ ವಾರ ವಾಕರಿಕೆ ತರಬಹುದು, ಕೆಲವರಲ್ಲಿ ಬಿಪಿ ಸ್ವಲ್ಪ ಏರಿಸುತ್ತದೆ, ಊತದ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎರಡೂ ಮಾತ್ರೆಗಳು ನುಂಗಿದ ಗಂಟೆಯಲ್ಲಿ ನೋವು ಕಡಿಮೆ ಮಾಡುವುದಿಲ್ಲ. ದಿನಾ ತಪ್ಪದೆ ತೆಗೆದುಕೊಂಡು ನಾಲ್ಕರಿಂದ ಆರು ವಾರ ನೋಡಬೇಕು. ಗುಣ ಕಾಣದಿದ್ದರೆ ಡಾಕ್ಟರಿಗೆ ಹೇಳಿ ಇಳಿಸುತ್ತ ಬಿಡಬೇಕು. ಮೂರನೆಯ ಡಾಕ್ಟರು ಕೊಟ್ಟ ಸಲಹೆಯನ್ನು ಇನ್ನೊಮ್ಮೆ ಯೋಚಿಸಿ ನೋಡಿ ಎಂದೇ ನನ್ನ ಅಭಿಪ್ರಾಯ.

ಗ್ಯಾಬಪೆಂಟಿನ್, ಪ್ರಿಗಾಬಲಿನ್ ಸಕ್ಕರೆ ಕಾಯಿಲೆಯವರ ಪಾದದ ಉರಿಗೆ, ಸರ್ಪಸುತ್ತು ಮಾಗಿದ ಮೇಲೆ ಉಳಿಯುವ ನೋವಿಗೆ ನೆರವಾಗುತ್ತವೆ. ಕಾಲಿಗೆ ಇಳಿಯುವ ಸಯಾಟಿಕಾ ನೋವಿನಲ್ಲಿ ಮಾತ್ರ ಪ್ರಿಗಾಬಲಿನ್ ಹುಸಿಮಾತ್ರೆಗಿಂತ ಉತ್ತಮವಾಗಲಿಲ್ಲ, ತಲೆಸುತ್ತು ಹೆಚ್ಚಾಯಿತು ಎಂದು 2017ರ ಅಧ್ಯಯನವೊಂದು ತೋರಿಸಿತು. ಸಯಾಟಿಕಾಗೆ ಇದನ್ನು ಕಣ್ಣುಮುಚ್ಚಿ ಬರೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಮುಖದಲ್ಲಿ ಮಿಂಚು ಹೊಡೆದಂತೆ ಬರುವ ಟ್ರೈಜೆಮಿನಲ್ ನೋವಿಗೆ ಕಾರ್ಬಮಜೆಪಿನ್ ಇವತ್ತಿಗೂ ಮೊದಲ ಮದ್ದು. ನರದ ನೋವೆಂದರೆ ಒಂದೇ ಮದ್ದು ಎಂಬ ಲೆಕ್ಕವಿಲ್ಲ.

ಟ್ರಮಡಾಲ್, ಮಾರ್ಫಿನ್ ಗುಂಪಿನ ಮದ್ದುಗಳು ಕ್ಯಾನ್ಸರ್ ನೋವಿಗೆ ವರದಾನ, ಅಲ್ಲಿ ಅವನ್ನು ಕೊಡದೆ ಇರುವುದು ಕ್ರೌರ್ಯ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೆಟ್ಟಿಲುಮೆಟ್ಟಿಲಾಗಿ ನೋವಿನ ಮದ್ದು ಏರಿಸುವ ಕ್ರಮ ಹಾಕಿಕೊಟ್ಟದ್ದು ಕ್ಯಾನ್ಸರ್ ರೋಗಿಗಳಿಗಾಗಿ. ಆ ಮೆಟ್ಟಿಲನ್ನು ಸೊಂಟನೋವು, ಮಂಡಿನೋವಿಗೆ ತಂದು ಇಟ್ಟದ್ದರಿಂದ ಅನಾಹುತ ಆಯಿತು. 2018ರಲ್ಲಿ ಅಮೆರಿಕದಲ್ಲಿ ದೀರ್ಘಕಾಲದ ಸೊಂಟ, ಸೊಂಟದ ಕೀಲು ಮತ್ತು ಮಂಡಿಯ ನೋವಿರುವ 240 ಜನರನ್ನು ಒಂದು ವರ್ಷ ಗಮನಿಸಿದಾಗ, ಈ ಗುಂಪಿನ ಮದ್ದು ಪಡೆದವರ ಓಡಾಟ ಸಾಧಾರಣ ಮದ್ದು ಪಡೆದವರಿಗಿಂತ ಸುಧಾರಿಸಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. ಬಹಳ ದಿನ ತೆಗೆದುಕೊಂಡರೆ ಮದ್ದೇ ನೋವನ್ನು ಹೆಚ್ಚಿಸುವುದೂ ಉಂಟು. ನಿಮ್ಮ ಮಾತ್ರೆಯಲ್ಲಿ ಟ್ರಮಡಾಲ್ ಇದ್ದರೆ ಎರಡು ಎಚ್ಚರಿಕೆ: ತಟಕ್ಕನೆ ನಿಲ್ಲಿಸಬೇಡಿ, ಡುಲೊಕ್ಸೆಟಿನ್ ಜೊತೆ ಡಾಕ್ಟರಿಗೆ ತಿಳಿಯದೆ ಸೇರಿಸಬೇಡಿ.

ಇಂಜೆಕ್ಷನ್ ಬಗ್ಗೆ ಕೇಳಿದ್ದೀರಿ. ಬೆನ್ನಿಗೆ ಕೊಡುವ ಇಂಜೆಕ್ಷನ್ ಎಂದರೆ ಒಂದೇ ಬಗೆಯದಲ್ಲ, ನಿಮಗೆ ಹೇಳಿದ್ದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಒತ್ತಡಕ್ಕೆ ಸಿಕ್ಕಿದ ನರದ ಬುಡದಲ್ಲಿ ಸ್ಟೀರಾಯ್ಡ್ ಬಿಡುವುದು ಒಂದು. ಇದು ಕಾಲಿನ ನೋವಿಗೆ, ಅದೂ ಹೊಸತರಲ್ಲಿ, ಕೆಲವು ವಾರಗಳ ಮಟ್ಟಿಗೆ ಸ್ವಲ್ಪ ಆರಾಮ ಕೊಡುತ್ತದೆ. ಆ ಬಿಡುವಿನಲ್ಲಿ ನಡಿಗೆ, ವ್ಯಾಯಾಮ ಶುರುಮಾಡಿದರೆ ಉಪಯೋಗ. ಸುಮ್ಮನೆ ಮಲಗಿದರೆ ದುಡ್ಡು ದಂಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಮುಂಚೆಯೇ ತಿಳಿಸಬೇಕು.

ಇನ್ನೊಂದು, ಬೆನ್ನೆಲುಬಿನ ಹಿಂಭಾಗದ ಚಿಕ್ಕ ಕೀಲುಗಳ ನೋವಿಗೆ ಮಾಡುವ ರೇಡಿಯೊಫ್ರೀಕ್ವೆನ್ಸಿ ಚಿಕಿತ್ಸೆ. ಮೊದಲು ಆ ಕೀಲಿನ ಸಣ್ಣ ನರಕ್ಕೆ ಮರಗಟ್ಟಿಸುವ ಮದ್ದು ಹಾಕಿ ಮನೆಗೆ ಕಳಿಸುತ್ತಾರೆ. ಮುಂದಿನ ಕೆಲವು ಗಂಟೆ ಬಾಗಿ, ಎದ್ದು, ನಡೆದು ನೋವು ಎಷ್ಟು ಇಳಿಯಿತು ಎಂದು ಬರೆದಿಡಬೇಕು. ಚೆನ್ನಾಗಿ ಇಳಿದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತ, ಆ ನರ ಮೂಳೆಯ ಮೇಲೆ ಹಾದುಹೋಗುವ ಜಾಗಕ್ಕೆ ಸೂಜಿ ತಲುಪಿಸುತ್ತಾರೆ. ಸಣ್ಣ ವಿದ್ಯುತ್ ಹರಿಸಿ, ಎಲ್ಲಿ ಜುಂ ಎನ್ನುತ್ತದೆ ಎಂದು ಕೇಳುತ್ತಾರೆ. ಕಾಲಿಗೆ ಇಳಿದರೆ ಸೂಜಿ ತಪ್ಪು ಜಾಗದಲ್ಲಿದೆ ಎಂದು ಅರ್ಥ, ಸೊಂಟದಲ್ಲೇ ನಿಂತರೆ ಸರಿ. ಸುಮ್ಮನೆ ‘ಆಯ್ತು, ಸರಿ’ ಎನ್ನದೆ ನಿಮಗೆ ಅನಿಸಿದ್ದನ್ನೇ ಹೇಳಬೇಕು, ಇಡೀ ಚಿಕಿತ್ಸೆಯ ಸುರಕ್ಷತೆ ಆ ಉತ್ತರದ ಮೇಲಿದೆ. ಆಮೇಲೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒಂದೂವರೆ ನಿಮಿಷದಷ್ಟು ಕೊಟ್ಟು ಆ ಸಣ್ಣ ನರವನ್ನು ಸುಡುತ್ತಾರೆ. ಸರಿಯಾದ ರೋಗಿಯಲ್ಲಿ ಆರು ತಿಂಗಳಿಂದ ಒಂದು ವರ್ಷ ಆರಾಮ ಸಿಗಬಹುದು. ನರ ಮತ್ತೆ ಚಿಗುರಿದಾಗ ನೋವು ಮರಳಬಹುದು. ಇದು ಸೊಂಟದ ನೋವಿಗೆ ಮಾತ್ರ. ನಿಮ್ಮ ಕಾಲಿನ ಉರಿಗೆ ಇದರಿಂದ ಏನೂ ಆಗದು.

ಆಪರೇಷನ್ ಬಗ್ಗೆ ನೇರವಾಗಿ ಹೇಳುತ್ತೇನೆ. ಡಿಸ್ಕ್ ಹೊರಬಂದು ನರ ಒತ್ತಿ, ಕಾಲಿನ ನೋವೇ ಸೊಂಟದ ನೋವಿಗಿಂತ ಹೆಚ್ಚಾಗಿದ್ದು, ಆರರಿಂದ ಹನ್ನೆರಡು ವಾರ ಕಾದರೂ ಇಳಿಯದಿದ್ದರೆ, ಅಥವಾ ಕಾಲಿನ ಶಕ್ತಿ ಕುಂದುತ್ತಿದ್ದರೆ ಆಪರೇಷನ್‌ನಿಂದ ಲಾಭವಿದೆ. ನೆದರ್‌ಲೆಂಡ್ಸ್‌ನಲ್ಲಿ ಜೋರಾದ ಸಯಾಟಿಕಾ ಇದ್ದ 283 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಆಪರೇಷನ್ ಆದವರಿಗೆ ಬೇಗ ಆರಾಮವಾಯಿತು. ವರ್ಷದ ಕೊನೆಗೆ, ಕಾದು ನೋಡಿದವರೂ ಅವರ ಸಮಕ್ಕೆ ಬಂದಿದ್ದರು. ಡಿಸ್ಕ್ ಬರೀ ಉಬ್ಬಿದೆ, ಮುಖ್ಯ ನೋವು ಸೊಂಟದ್ದು ಎಂದಾದರೆ ಆಪರೇಷನ್‌ನಿಂದ ಹೆಚ್ಚು ನಿರೀಕ್ಷಿಸುವ ಹಾಗಿಲ್ಲ. ಸರ್ಜನ್ ಬಳಿ ಹೀಗೆ ಕೇಳಿ: ‘ಯಾವ ನರ ಒತ್ತುತ್ತಿದೆ, ನನ್ನ ಪರೀಕ್ಷೆಯಲ್ಲಿ ಅದು ಸಿಕ್ಕಿದೆಯೇ, ಆಪರೇಷನ್ ಮಾಡಿಸಿದರೆ ಕಾಲಿನ ನೋವು ಎಷ್ಟು ಹೋಗಬಹುದು, ಸೊಂಟದ್ದು ಎಷ್ಟು, ಮಾಡಿಸದಿದ್ದರೆ ಏನಾಗುತ್ತದೆ?’ ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಬೆನ್ನುಹುರಿಯ ಹತ್ತಿರ ತಂತಿ ಇಟ್ಟು ವಿದ್ಯುತ್ ಕೊಡುವ ಯಂತ್ರಗಳು, ಮಾರ್ಫಿನ್ ಪಂಪುಗಳು ಎಲ್ಲವೂ ಸೋತವರಿಗೆ, ನಿಮಗೆ ಈಗ ಆ ಮಾತು ಬೇಡ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ನೋವಿಗೆ ಅತಿ ಹೆಚ್ಚು ಫಲ ಕೊಡುವುದು ಎಂದು ನಾನು ನಂಬಿರುವುದನ್ನು ಹೇಳುತ್ತೇನೆ: ಹಂತಹಂತವಾಗಿ ದೇಹವನ್ನು ಮತ್ತೆ ಚಲನೆಗೆ ಒಗ್ಗಿಸುವುದು, ಅದಕ್ಕೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಜೊತೆಗಿರುವುದು. ಬಿಸಿ ಕೊಟ್ಟು, ಕರೆಂಟ್ ಕೊಟ್ಟು ಕಳಿಸುವುದಷ್ಟೇ ಫಿಸಿಯೋಥೆರಪಿ ಅಲ್ಲ. ನಿಮಗೆ ಯಾವ ಚಲನೆ ಭಯ ಹುಟ್ಟಿಸುತ್ತದೆ ಎಂದು ಕೇಳಿ, ಅದನ್ನೇ ಸಣ್ಣದಾಗಿ, ಸಡಿಲವಾಗಿ, ಉಸಿರು ಬಿಗಿಹಿಡಿಯದೆ ಮಾಡಿಸುವವರು ಬೇಕು. ಆಸ್ಟ್ರೇಲಿಯಾದಲ್ಲಿ ಈ ಬಗೆಯ ಚಿಕಿತ್ಸೆಯನ್ನು 492 ಜನರಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಅವರೆಲ್ಲ ನಿಮ್ಮಂತೆಯೇ ಹಳೆಯ ಸೊಂಟನೋವಿನಿಂದ ದಿನನಿತ್ಯದ ಕೆಲಸ ಕಷ್ಟವಾದವರು. ಕೆಲವೇ ಭೇಟಿಗಳಲ್ಲಿ ಬಂದ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಮಾತ್ರೆಯಿಂದ ಇಂಥ ಫಲಿತಾಂಶ ನಾನು ಕಂಡಿಲ್ಲ.

ನಡಿಗೆಯನ್ನು ಹೀಗೆ ಶುರುಮಾಡಿ. ನೋವು ಏರುವ ಮುನ್ನ ಎಷ್ಟು ನಿಮಿಷ ನಡೆಯಬಲ್ಲಿರಿ ಎಂದು ಮೂರು ದಿನ ನೋಡಿ. ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಎಂಟು ನಿಮಿಷದಿಂದ ಆರಂಭಿಸಿ, ದಿನಕ್ಕೆ ಎರಡು ಸಲ. ಮೈ ಹಗುರ ಅನಿಸಿದ ದಿನವೂ ಎಂಟೇ, ಕಷ್ಟವೆನಿಸಿದ ದಿನವೂ ಎಂಟೇ. ವಾರಕ್ಕೆ ಒಂದು ನಿಮಿಷ ಏರಿಸಿ. ಬಹುತೇಕರು ಎಡವುವುದು ಚೆನ್ನಾಗಿದ್ದ ದಿನದಲ್ಲಿ: ಉಳಿದ ಕೆಲಸವನ್ನೆಲ್ಲ ಅವತ್ತೇ ಮುಗಿಸಿ, ಮುಂದಿನ ಮೂರು ದಿನ ಮಲಗುತ್ತಾರೆ. ನಡೆದ ಮೇಲೆ ನೋವು ಸ್ವಲ್ಪ ಹೆಚ್ಚಾಗಿ ಮರುದಿನದೊಳಗೆ ಇಳಿದರೆ ಹಾನಿಯೇನೂ ಆಗಿಲ್ಲ, ಮುಂದುವರಿಸಿ. ನಿದ್ದೆ ಕೆಟ್ಟರೆ ಮರುದಿನ ನೋವು ಏರುವುದು ಸಾಮಾನ್ಯ, ಆದ್ದರಿಂದ ಮಲಗುವ, ಏಳುವ ಹೊತ್ತನ್ನು ಒಂದೇ ಆಗಿಟ್ಟುಕೊಳ್ಳಿ. ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರೆ ಅವಮಾನ ಎಂದುಕೊಳ್ಳಬೇಡಿ. ನೋವು ಬಂದಾಗ ಎದ್ದೇಳುವ ಭಯ, ಸಿಟ್ಟು, ‘ಇನ್ನು ನನ್ನ ಕಥೆ ಮುಗಿಯಿತು’ ಎಂಬ ಯೋಚನೆ ಇವು ಅದೇ ಬೆನ್ನುಹುರಿಯ ದಾರಿಯಲ್ಲಿ ಇಳಿದುಬಂದು ನೋವನ್ನು ಹೆಚ್ಚಿಸುತ್ತವೆ. ಅದನ್ನು ಪಳಗಿಸುವ ಕ್ರಮಗಳಿವೆ, ಕಲಿಯಬಹುದು.

ಎಷ್ಟು ಗುಣವಾಗಬಹುದು? ನೋವಿನ ಚಿಕಿತ್ಸೆಯಲ್ಲಿ ಶೇ. 30ರಷ್ಟು ಇಳಿದರೆ ರೋಗಿಗೆ ಗಮನಾರ್ಹ ಬದಲಾವಣೆ ಎಂದು, ಶೇ. 50 ಇಳಿದರೆ ಬಹಳ ಒಳ್ಳೆಯದು ಎಂದು ಎಣಿಸುತ್ತೇವೆ. ಪೂರ್ತಿ ಸೊನ್ನೆಗೆ ತರುವ ಭರವಸೆ ಕೊಡುವವರನ್ನು ನಂಬಬೇಡಿ. ಹತ್ತರಲ್ಲಿ ಎಷ್ಟು ನೋವು ಎಂದು ದಿನವೂ ಅಳೆಯುವುದಕ್ಕಿಂತ, ಈ ತಿಂಗಳು ಮಾಡಲಾಗುವ ಹೊಸ ಕೆಲಸವೊಂದನ್ನು ಗುರುತು ಹಾಕಿಕೊಳ್ಳಿ: ಅರ್ಧ ಗಂಟೆ ನಿಲ್ಲುವುದು, ಕೂತು ಪ್ರಯಾಣ ಮಾಡುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು.

ಮೊದಲು ರಕ್ತಪರೀಕ್ಷೆ ಮಾಡಿಸಿ, ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ನಿಮ್ಮ ಬಿಪಿ ನೋಡುವ ಡಾಕ್ಟರ ಬಳಿ ಹೋಗಿ. ಊತದ ಮಾತ್ರೆ ಮಾತ್ರವಾದರೆ ಒಮ್ಮೆಲೇ ಬಿಡಬಹುದು. ಟ್ರಮಡಾಲ್ ಅಥವಾ ಸ್ನಾಯು ಸಡಿಲಿಸುವ ಮದ್ದು ಬೆರೆತಿದ್ದರೆ ಅವರು ಹೇಳಿದಂತೆ ಇಳಿಸಿ. ಬಿಟ್ಟ ಮೊದಲ ವಾರ ನೋವು ತುಸು ಹೆಚ್ಚೆನಿಸಬಹುದು. ಆ ವಾರಕ್ಕೆ ಪ್ಯಾರಾಸಿಟಮಾಲ್ ಇಟ್ಟುಕೊಳ್ಳಿ, ಬೇರೆ ಮಾತ್ರೆಯಲ್ಲೂ ಅದು ಸೇರಿಲ್ಲ ಎಂದು ಖಚಿತಪಡಿಸಿಕೊಂಡು. ಮೂರನೆಯ ಡಾಕ್ಟರ ಮಾತ್ರೆಯ ಬಗ್ಗೆ ಮತ್ತೊಮ್ಮೆ ಅವರ ಜೊತೆ ಮಾತಾಡಿ, ಶುರುಮಾಡಿದ ತಾರೀಖನ್ನು ಬರೆದಿಡಿ. ಆರು ವಾರ ಮಾತ್ರೆ, ನಡಿಗೆ, ಫಿಸಿಯೋಥೆರಪಿ ಮೂರೂ ತಪ್ಪದೆ ನಡೆದ ಮೇಲೂ ಕಾಲಿನ ಉರಿ ಹಾಗೇ ಇದ್ದರೆ, ಆಗ ಎಂಆರ್‌ಐ ಹಿಡಿದು ನೋವಿನ ತಜ್ಞರನ್ನು ಕಾಣಿ, ನರದ ಬುಡದ ಇಂಜೆಕ್ಷನ್ ಬೇಕೇ ಬೇಡವೇ ಎಂಬುದು ಅಲ್ಲಿ ತೀರ್ಮಾನವಾಗಲಿ.